ಹುಳಿ, ದ್ರಾವಕ, ಆಸಿಡ್

ಒಂದೇ ವಸ್ತುವಿಗೆ ಒಂದು ಭಾಷೆಯಲ್ಲಿ ಮೂರು ನಾಲ್ಕು ಹೆಸರುಗಳಿದ್ದರೆ ಅದನ್ನು ಆ ಭಾಷೆಯ ಸಿರಿವಂತಿಕೆಯೆಂದು ನಾವು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಆ ವಸ್ತು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಬಾಗಿಲುಗಳಿಂದ ನಮ್ಮ ಮನೆಯನ್ನು ಹೊಕ್ಕಿತೆಂಬುದಕ್ಕೂ ಆ ಹೆಸರುಗಳು ಸಾಕ್ಷಿ ನುಡಿಯುತ್ತವೆ. ಅಡುಗೆಮನೆಯ ಬಾಗಿಲಿನಿಂದ ಬಂದಾಗ ಅದು ಹುಳಿ. ಅಕ್ಕಸಾಲಿಗನ ಪಡಸಾಲೆಯಿಂದ ಬಂದಾಗ ದ್ರಾವಕ. ಪಾಠಶಾಲೆಯ ಪುಸ್ತಕದಿಂದ ಬಂದಾಗ ಆಮ್ಲ. ಅಂಗಡಿಯಿಂದ ಬಂದಾಗ ಆಸಿಡ್. ಇವುಗಳಲ್ಲಿ ಮೊದಲನೆಯದನ್ನು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಕೊನೆಯದನ್ನು ಕೇಳಿದರೆ ಮೈ ನಡುಗುತ್ತದೆ. ಈ ಎರಡು ಕೊನೆಗಳ ನಡುವೆ ನಿಂತವನು ಒಬ್ಬನಿದ್ದಾನೆ. ಅವನ ವಿಚಾರವನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಅವನು ಹವ್ಯಾಸಿ ರಸಾಯನ ವಿಜ್ಞಾನಿ. ರಾತ್ರಿ ಮಾಳಿಗೆಯ ಮೇಲೆ ನಿಂತು ನಕ್ಷತ್ರಗಳನ್ನು ನೋಡುವ ಹವ್ಯಾಸಿಯನ್ನು ನಾವು ಬಲ್ಲೆವು. ಕೆರೆಯ ಏರಿಯ ಮೇಲೆ ಕುಳಿತು ಹಕ್ಕಿಗಳನ್ನು ಎಣಿಸುವವನನ್ನೂ ಬಲ್ಲೆವು. ಅವರನ್ನು ಕಂಡರೆ ನೆರೆಹೊರೆಯವರು ನಸುನಕ್ಕು ಸುಮ್ಮನಾಗುತ್ತಾರೆ. ಅಟ್ಟದ ಮೇಲೆ ನಾಲ್ಕು ಗಾಜಿನ ನಳಿಕೆಗಳನ್ನೂ ಆರು ಸೀಸೆಗಳನ್ನೂ ಜೋಡಿಸಿಟ್ಟುಕೊಂಡವನಿಗೆ ಆ ಭಾಗ್ಯವಿಲ್ಲ. ಅವನ ಹವ್ಯಾಸಕ್ಕೆ ಬೇಕಾದ ಮೊದಲ ವಸ್ತುವೇ ಆಮ್ಲ. ಲೋಹ ಕರಗಬೇಕಾದರೆ, ಲವಣ ಹುಟ್ಟಬೇಕಾದರೆ, ಬಣ್ಣ ಬದಲಾಗಬೇಕಾದರೆ ಆಮ್ಲ ಬೇಕು. ಅದಿಲ್ಲದ ರಸಶಾಲೆ ಬೆಂಕಿಯಿಲ್ಲದ ಅಡುಗೆಮನೆ. ಈ ಆಮ್ಲವನ್ನು ಅವನು ಎಲ್ಲಿಂದ ತರಬೇಕು? ತರಲು ಅವನಿಗೆ ಹಕ್ಕುಂಟೆ? ತಂದುದನ್ನು ಇಟ್ಟುಕೊಳ್ಳುವ ಯೋಗ್ಯತೆಯುಂಟೆ? ಪ್ರಶ್ನೆಗಳು ಸಣ್ಣವಾಗಿ ತೋರುತ್ತವೆ. ಉತ್ತರಗಳು ಅಷ್ಟು ಸಣ್ಣವಲ್ಲ.

ಮೊದಲು ಹುಳಿಯ ಮಾತು. ನಮ್ಮ ಜನ ಹುಳಿಯನ್ನು ಸಂಪಾದಿಸುವುದರಲ್ಲಿ ಯಾರಿಗೂ ಕಡಮೆಯಲ್ಲ. ಹುಣಸೆ, ನಿಂಬೆ, ಮಾವಿನ ಕಾಯಿ, ಹುಳಿಮಜ್ಜಿಗೆ, ಕರಾವಳಿಯ ಪುನರ್ಪುಳಿ ಇವೆಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಬಯಲುಸೀಮೆಯ ಒಂದು ಪದ್ಧತಿಯನ್ನು ಪಟ್ಟಣದ ಓದುಗರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ಕರಿಮಣ್ಣಿನ ಹೊಲಗಳಲ್ಲಿ ಹಿಂಗಾರಿನ ಕಡಲೆ ಬೆಳೆದು ನಿಂತಾಗ ಅದರ ಎಲೆಯ ಮೇಲಿನ ನವಿರಾದ ರೋಮಗಳಿಂದ ಒಂದು ಹುಳಿ ಒಸರುತ್ತದೆ. ಹೊಲದಲ್ಲಿ ಹಾದುಹೋದವರ ಕಾಲು ಉರಿಯುವುದು ಇದರಿಂದಲೇ. ರೈತರು ತೊಳೆದ ಬಿಳಿಯ ಬಟ್ಟೆಯನ್ನು ಇಬ್ಬನಿ ಬೀಳುವ ಹೊತ್ತಿನಲ್ಲಿ ಗಿಡಗಳ ಮೇಲೆ ಹಾಸುತ್ತಾರೆ. ಇಬ್ಬನಿಯಲ್ಲಿ ಕರಗಿದ ಹುಳಿಯನ್ನು ಬಟ್ಟೆ ಹೀರಿಕೊಳ್ಳುತ್ತದೆ. ಬೆಳಗ್ಗೆ ಅದನ್ನು ಹಿಂಡಿ ಸೀಸೆಯಲ್ಲಿ ತುಂಬಿಡುತ್ತಾರೆ. ಇದೇ ‘ಕಡಲೆ ಹುಳಿ’. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಮನೆಯ ಮದ್ದು. ಇದರಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳೆಂದು ಈಗಿನ ವಿಜ್ಞಾನಿಗಳು ಪರೀಕ್ಷಿಸಿ ಹೇಳಿದ್ದಾರೆ. ಒಲೆಯಿಲ್ಲದೆ, ಭಟ್ಟಿಯಿಲ್ಲದೆ, ಒಂದು ಪಂಚೆ ಮತ್ತು ಒಂದು ಚಳಿಗಾಲದ ಇರುಳು ಇವೆರಡರಿಂದಲೇ ಆಮ್ಲವನ್ನು ಪಡೆದ ಈ ಅಜ್ಞಾತ ಹವ್ಯಾಸಿಗೆ ನಮ್ಮ ಮೊದಲ ನಮಸ್ಕಾರ ಸಲ್ಲಬೇಕು.

ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿ ಚಿತ್ರಗಾರರದೂ ಇಂಥದೇ ಜಾಣ್ಮೆ. ಬೆಲ್ಲದ ನೀರಿನಲ್ಲಿ ತುಕ್ಕುಹಿಡಿದ ಕಬ್ಬಿಣದ ಚೂರುಗಳನ್ನು ಹಾಕಿ ದಿನಗಟ್ಟಲೆ ಇಡುತ್ತಾರೆ. ಬೆಲ್ಲ ಹುದುಗಿ ಹುಳಿಯಾಗುತ್ತದೆ. ಅಂದರೆ ಅದರಲ್ಲಿ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ. ಅಳಲೆಕಾಯಿಯ ರಸ ಹಿಡಿದ ಬಟ್ಟೆಯ ಮೇಲೆ ಈ ದ್ರವವನ್ನು ಎಳೆದರೆ ಕಣ್ಣಿಗೆ ಹಬ್ಬವಾಗುವ ಕಪ್ಪು ಗೆರೆ ಮೂಡುತ್ತದೆ. ನಮ್ಮ ಹಿರಿಯರು ಅಳಲೆಕಾಯಿ ಮತ್ತು ಅನ್ನಭೇದಿಗಳನ್ನು ಸೇರಿಸಿ ಮಸಿ ಮಾಡಿದ್ದೂ ಇದೇ ತತ್ತ್ವದ ಮೇಲೆ. ರಸಶಾಸ್ತ್ರದ ಸಂಸ್ಕೃತ ಗ್ರಂಥಗಳಲ್ಲಿ ನಿಂಬೆ, ಮಾದಲ, ಹುಣಸೆ, ಕಾಂಜಿ ಮೊದಲಾದವನ್ನು ಒಂದೆಡೆ ಸೇರಿಸಿ ‘ಅಮ್ಲವರ್ಗ’ವೆಂಬ ಒಂದು ಗಣವನ್ನೇ ಮಾಡಿಟ್ಟಿದ್ದಾರೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ ಮತ್ತು ೧೯೦೯ರಲ್ಲಿ ಎರಡು ಸಂಪುಟಗಳಾಗಿ ಹೊರತಂದ ಹಿಂದೂ ರಸಾಯನಶಾಸ್ತ್ರದ ಇತಿಹಾಸ ಈ ಪರಂಪರೆಯನ್ನು ಲೋಕದ ಮುಂದಿಟ್ಟಿತು.

ಹುಳಿಯೊಳಗೆ ಅಡಗಿರುವ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸಿದವನು ಸ್ವೀಡನ್ ದೇಶದ ಒಬ್ಬ ಔಷಧದ ಅಂಗಡಿಯವನು: ಕಾರ್ಲ್ ವಿಲ್ಹೆಲ್ಮ್ ಷೀಲೆ. ಅವನು ಬದುಕಿದ್ದು ೧೭೪೨ರಿಂದ ೧೭೮೬ರವರೆಗೆ, ನಲವತ್ತಮೂರು ವರ್ಷ ಮಾತ್ರ. ವಿಶ್ವವಿದ್ಯಾಲಯದ ಪೀಠವನ್ನು ಅವನು ಏರಲಿಲ್ಲ. ಷೆಪಿಂಗ್ ಎಂಬ ಸಣ್ಣ ಊರಿನ ಅಂಗಡಿಯ ಹಿಂಬದಿಯೇ ಅವನ ಪ್ರಯೋಗಶಾಲೆ. ಹುಳಿಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ೧೭೮೦ರಲ್ಲಿಯೂ ನಿಂಬೆಯಿಂದ ಸಿಟ್ರಿಕ್ ಆಮ್ಲದ ಹರಳುಗಳನ್ನು ೧೭೮೪ರಲ್ಲಿಯೂ ಅವನು ಪಡೆದನು. ನಮ್ಮ ಕಡಲೆಯ ಎಲೆಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಸೇಬಿನ ರಸದಿಂದ ಬೇರ್ಪಡಿಸಿದವನೂ ಅವನೇ. ಇಂದು ದಿನಸಿ ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂಬ ಹೆಸರಿನಿಂದ ಕೆಲವು ರೂಪಾಯಿಗಳಿಗೆ ಕಟ್ಟಿಕೊಡುವ ಬಿಳಿಯ ಹರಳಿನ ಹಿಂದೆ ಅವನ ಇರುಳಿನ ದುಡಿಮೆ ಇದೆ.

ಎರಡನೆಯ ಹೆಸರು ದ್ರಾವಕ. ಹಳೆಯ ಬರಹಗಳಲ್ಲಿ ‘ಗಂಧಕ ದ್ರಾವಕ’ ಎಂದರೆ ಈಗಿನ ಸಲ್‌ಫ್ಯೂರಿಕ್ ಆಮ್ಲ. ಕರಗಿಸುವುದು ಎಂಬ ಅರ್ಥದಿಂದ ಹುಟ್ಟಿದ ಈ ಮಾತು ಈಗ ಪಠ್ಯಪುಸ್ತಕಗಳಲ್ಲಿ ನೀರು, ಮದ್ಯಸಾರ ಮೊದಲಾದ ಯಾವುದೇ ಕರಗಿಸುವ ದ್ರವಕ್ಕೆ ಹೆಸರಾಗಿ ತನ್ನ ಹಳೆಯ ಬಿಸಿಯನ್ನು ಕಳೆದುಕೊಂಡಿದೆ. ಹುಳಿ ತಾಮ್ರದ ಪಾತ್ರೆಯ ಕಲೆಯನ್ನು ತೆಗೆಯಬಲ್ಲದು, ಪಾತ್ರೆಯನ್ನೇ ಕರಗಿಸಲಾರದು. ಖನಿಜದಿಂದ ಪಡೆದ ಆಮ್ಲ ಅದನ್ನೂ ಮಾಡಬಲ್ಲದು. ಯೂರೋಪಿನಲ್ಲಿ ಸುಮಾರು ೧೩೦೦ರ ಹೊತ್ತಿಗೆ ‘ಗೇಬರ್’ ಎಂಬ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಗ್ರಂಥಗಳಲ್ಲಿ ತುತ್ತ, ಪೆಟ್ಲುಪ್ಪು, ಪಟಿಕಗಳನ್ನು ಭಟ್ಟಿಯಿಳಿಸಿ ನೈಟ್ರಿಕ್ ಆಮ್ಲವನ್ನು ಪಡೆಯುವ ಮಾತು ಬರುತ್ತದೆ. ಅದು ಬೆಳ್ಳಿಯನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಆದಕಾರಣ ಒರೆಗಲ್ಲಿನ ಮೇಲೆ ಚಿನ್ನದ ಗೆರೆಯನ್ನೆಳೆದು ಅದರ ಮೇಲೆ ಒಂದು ತೊಟ್ಟು ದ್ರಾವಕವನ್ನು ಬಿಟ್ಟು ಸತ್ಯಾಸತ್ಯವನ್ನು ತಿಳಿಯುವುದು ಅಕ್ಕಸಾಲಿಗನಿಗೆ ಸಾಧ್ಯವಾಯಿತು.

ಚಿನ್ನವನ್ನೂ ಕರಗಿಸುವ ಒಂದು ಮಿಶ್ರಣವುಂಟು. ಒಂದು ಪಾಲು ನೈಟ್ರಿಕ್ ಆಮ್ಲ, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ. ಲೋಹಗಳ ರಾಜನನ್ನು ಗೆದ್ದದ್ದರಿಂದ ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ರಾಜೋದಕವೆಂಬ ಅರ್ಥದ ಹೆಸರು ಬಂತು. ಇದು ಮನೆಯಲ್ಲಿ ಮಾಡುವ ವಸ್ತುವಲ್ಲ; ಆದರೆ ಇದರ ಒಂದು ಕಥೆ ಎಲ್ಲರೂ ಕೇಳಬೇಕಾದದ್ದು. ೧೯೪೦ರ ಏಪ್ರಿಲ್ ತಿಂಗಳಿನಲ್ಲಿ ಜರ್ಮನಿಯ ಸೈನ್ಯ ಕೋಪನ್‌ಹೇಗನ್ ನಗರವನ್ನು ಹೊಕ್ಕಿತು. ನೀಲ್ಸ್ ಬೋರನ ಸಂಸ್ಥೆಯಲ್ಲಿ ಜರ್ಮನ್ ವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲೌಯೆ ಮತ್ತು ಜೇಮ್ಸ್ ಫ್ರಾಂಕ್ ಇವರ ನೊಬೆಲ್ ಪದಕಗಳನ್ನು ಜೋಪಾನವಾಗಿಟ್ಟಿದ್ದರು. ಜರ್ಮನಿಯಿಂದ ಚಿನ್ನವನ್ನು ಹೊರಗೆ ಕಳುಹಿಸುವುದು ಆಗ ಘೋರ ಅಪರಾಧ. ಪದಕದ ಮೇಲೆ ಹೆಸರು ಕೆತ್ತಿದೆ. ಜಾರ್ಜ್ ಹೆವೆಶಿ ಎಂಬ ರಸಾಯನ ವಿಜ್ಞಾನಿ ಎರಡು ಪದಕಗಳನ್ನೂ ರಾಜೋದಕದಲ್ಲಿ ಕರಗಿಸಿಬಿಟ್ಟನು. ಆ ದ್ರವದ ಪಾತ್ರೆ ಯುದ್ಧ ಮುಗಿಯುವವರೆಗೂ ಕಪಾಟಿನ ಮೇಲೆಯೇ ಇದ್ದಿತು. ಸೈನಿಕರಾರೂ ಅದನ್ನು ಮುಟ್ಟಲಿಲ್ಲ. ಆಮೇಲೆ ದ್ರವದಿಂದ ಚಿನ್ನವನ್ನು ಮರಳಿ ಪಡೆದು ಅದೇ ಚಿನ್ನದಿಂದ ಪದಕಗಳನ್ನು ಮತ್ತೆ ಎರಕಹೊಯ್ದು ಕೊಟ್ಟರು. ದ್ರಾವಕ ನಾಶಮಾಡುತ್ತದೆಂದು ನಾವು ತಿಳಿದಿದ್ದೇವೆ. ಅಂದು ಅದು ಕಾಪಾಡಿತು.

ಗಂಧಕಾಮ್ಲ ಅಗ್ಗವಾದದ್ದು ೧೭೪೬ರಿಂದ ಈಚೆಗೆ. ಅದಕ್ಕೆ ಮುಂಚೆ ಗಂಧಕವನ್ನೂ ಪೆಟ್ಲುಪ್ಪನ್ನೂ ಗಾಜಿನ ಬುಡ್ಡಿಗಳಲ್ಲಿ ಉರಿಸಿ ಅಷ್ಟಿಷ್ಟು ಆಮ್ಲವನ್ನು ಸಂಗ್ರಹಿಸುತ್ತಿದ್ದರು. ಗಾಜು ಒಡೆಯುವುದು; ಬುಡ್ಡಿ ದೊಡ್ಡದಾದಷ್ಟೂ ಬೇಗ ಒಡೆಯುವುದು. ಬರ್ಮಿಂಗ್‌ಹ್ಯಾಮಿನ ಜಾನ್ ರೋಬಕ್ ಎಂಬ ವೈದ್ಯ ಗಾಜಿನ ಬದಲು ಸೀಸದ ತಗಡಿನ ಕೋಣೆಗಳನ್ನು ಕಟ್ಟಿಸಿದನು. ಸೀಸವನ್ನು ಈ ಆಮ್ಲ ಸುಲಭವಾಗಿ ತಿನ್ನದು. ಅಂದಿನಿಂದ ಔನ್ಸಿನಲ್ಲಿ ತೂಗುತ್ತಿದ್ದ ವಸ್ತು ಟನ್ನುಗಳಲ್ಲಿ ಬರಲಾರಂಭಿಸಿತು. ಬಟ್ಟೆಯ ಬಿಳುಪು, ಗೊಬ್ಬರ, ಬಣ್ಣ, ಮದ್ದು ಎಲ್ಲಕ್ಕೂ ಅದು ಬೇಕಾಯಿತು. ನಮ್ಮ ದೇಶದಲ್ಲಿ ಈ ಆಮ್ಲದ ಬೆಲೆಯನ್ನೂ ಮಹತ್ತ್ವವನ್ನೂ ಚೆನ್ನಾಗಿ ಅರಿತವರು ಪ್ರಫುಲ್ಲಚಂದ್ರ ರಾಯರೇ. ೧೮೯೨ರಲ್ಲಿ ಕಲ್ಕತ್ತೆಯ ಅಪ್ಪರ್ ಸರ್ಕ್ಯುಲರ್ ರಸ್ತೆಯ ಒಂದು ಬಾಡಿಗೆಯ ಮನೆಯಲ್ಲಿ ಏಳುನೂರು ರೂಪಾಯಿಗಳ ಬಂಡವಾಳದಿಂದ ಅವರು ಪ್ರಾರಂಭಿಸಿದ ಉದ್ಯಮವೇ ೧೯೦೧ರಲ್ಲಿ ಬೆಂಗಾಲ್ ಕೆಮಿಕಲ್ ಎಂಬ ಪ್ರಸಿದ್ಧ ಸಂಸ್ಥೆಯಾಯಿತು. ಮೂಳೆಗಳಿಂದ ಫಾಸ್ಫೇಟ್ ಲವಣವನ್ನು ತೆಗೆಯಬೇಕೆಂದು ಕಟುಕರ ಅಂಗಡಿಯ ಮೂಳೆಗಳನ್ನು ಮೂಟೆಗಟ್ಟಲೆ ತರಿಸಿ ಮನೆಯ ಮಾಳಿಗೆಯ ಮೇಲೆ ಒಣಗಹಾಕಿದ್ದು, ಕಾಗೆಗಳು ಮುತ್ತಿದ್ದು, ನೆರೆಯವರು ಸಿಡಿಮಿಡಿಗೊಂಡದ್ದು ಇವೆಲ್ಲವನ್ನೂ ಅವರು ತಮ್ಮ ಆತ್ಮಕಥೆಯಲ್ಲಿ ವಿನೋದವಾಗಿ ಬರೆದಿದ್ದಾರೆ. ಒಂದು ದೇಶದ ಕೈಗಾರಿಕೆ ಮಾಳಿಗೆಯ ಮೇಲಿನ ಹವ್ಯಾಸದಂತೆಯೇ ಕಣ್ಣುತೆರೆಯಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯ ಹೆಸರು ಆಮ್ಲ. ಈ ಹೆಸರಿನೊಳಗೆ ಒಂದು ಸ್ವಾರಸ್ಯವಿದೆ. ನಾವು ಉಸಿರಾಡುವ ಪ್ರಾಣವಾಯುವನ್ನು ಕನ್ನಡದಲ್ಲಿ ‘ಆಮ್ಲಜನಕ’ ಎಂದು ಕರೆಯುತ್ತೇವೆ. ಆಮ್ಲವನ್ನು ಹುಟ್ಟಿಸುವುದು ಎಂದು ಅರ್ಥ. ಫ್ರಾನ್ಸಿನ ಲವಾಸಿಯೆ ಎಲ್ಲ ಆಮ್ಲಗಳ ಹುಳಿಗೂ ಈ ವಾಯುವೇ ಮೂಲವೆಂದು ನಂಬಿ ಗ್ರೀಕ್ ಧಾತುಗಳಿಂದ ಅದಕ್ಕೆ ಆ ಹೆಸರಿಟ್ಟನು. ನಮ್ಮ ಪಂಡಿತರು ಅದನ್ನು ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಆದರೆ ೧೮೧೦ರಲ್ಲಿ ಹಂಫ್ರಿ ಡೇವಿ ಉಪ್ಪಿನಿಂದ ಪಡೆಯುವ ಆಮ್ಲದಲ್ಲಿ ಈ ವಾಯುವಿನ ಲೇಶವೂ ಇಲ್ಲವೆಂಬುದನ್ನು ಸಿದ್ಧಪಡಿಸಿದನು. ಹುಳಿಗೆ ನಿಜವಾದ ಕಾರಣ ಜಲಜನಕ. ಸಿದ್ಧಾಂತ ಬಿದ್ದುಹೋಯಿತು, ಹೆಸರು ಉಳಿಯಿತು. ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡರೂ ಭಾಷೆ ಅದನ್ನು ನೆನಪಿನಲ್ಲಿಟ್ಟುಕೊಂಡು ಇನ್ನೂರು ವರ್ಷಗಳಿಂದ ನಡೆಯುತ್ತಿದೆ. ಇಂಥ ಒಂದು ಮಾತನ್ನು ಹಿಡಿದು ಪಾಠ ಹೇಳಿದರೆ ಕನ್ನಡದ ತರಗತಿಗೂ ರಸಾಯನಶಾಸ್ತ್ರದ ತರಗತಿಗೂ ನಡುವಿನ ಗೋಡೆ ಸ್ವಲ್ಪ ತೆಳುವಾದೀತು.

ಓದಿನಿಂದ ಬಂದ ಅರಿವು ಒಂದು. ಕೈಯಿಂದ ಬಂದ ಅರಿವು ಇನ್ನೊಂದು. ಅಮೆರಿಕದ ಐರಾ ರೆಮ್ಸೆನ್ ಎಂಬ ವಿಜ್ಞಾನಿ ತನ್ನ ಎಳೆಯ ವಯಸ್ಸಿನ ಒಂದು ಪ್ರಸಂಗವನ್ನು ಹೇಳುತ್ತಿದ್ದನು. ವೈದ್ಯನೊಬ್ಬನ ಬಳಿ ಕಲಿಯುತ್ತಿದ್ದಾಗ ನೈಟ್ರಿಕ್ ಆಮ್ಲ ತಾಮ್ರದ ಮೇಲೆ ‘ವರ್ತಿಸುತ್ತದೆ’ ಎಂಬ ವಾಕ್ಯ ಅವನ ಕಣ್ಣಿಗೆ ಬಿತ್ತು. ವರ್ತಿಸುವುದೆಂದರೇನು ಎಂದು ತಿಳಿಯುವುದಕ್ಕಾಗಿ ಒಂದು ತಾಮ್ರದ ಕಾಸನ್ನು ಮೇಜಿನ ಮೇಲಿಟ್ಟು ಆಮ್ಲವನ್ನು ಸುರಿದನು. ಹಸಿರುನೀಲಿಯ ನೊರೆ ಎದ್ದಿತು. ಕಡುಕೆಂಪು ಹೊಗೆ ತುಂಬಿ ಉಸಿರು ಕಟ್ಟಿತು. ಕಾಸನ್ನು ಬಿಸಾಡಲು ಹೋದಾಗ ಆಮ್ಲ ಬೆರಳುಗಳ ಮೇಲೂ ವರ್ತಿಸಿತು. ಬೆರಳನ್ನು ಒರೆಸಿಕೊಂಡಾಗ ಷರಾಯಿಯ ಮೇಲೂ ವರ್ತಿಸಿತು. ಈ ಹುಡುಗನೇ ಮುಂದೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷನಾದನು. ಕಥೆಯನ್ನು ಕೇಳಿ ನಗುವವರು ಒಂದನ್ನು ಗಮನಿಸಬೇಕು: ಆ ಹೊಗೆ ಶ್ವಾಸಕೋಶಕ್ಕೆ ವಿಷ. ರೆಮ್ಸೆನ್ ಬದುಕಿದ್ದು ಅದೃಷ್ಟದಿಂದ. ಕೈಯ ಅರಿವು ಬೇಕು. ಆದರೆ ಅದು ಗುರುವಿನ ಎದುರಿನಲ್ಲಿ, ಗಾಳಿಯಾಡುವ ಸ್ಥಳದಲ್ಲಿ ಬರಬೇಕು.

ನಾಲ್ಕನೆಯ ಹೆಸರಿಗೆ ಬಂದೆವು. ಆಸಿಡ್. ಈ ಮಾತನ್ನು ಇಂದು ಪತ್ರಿಕೆಯಲ್ಲಿ ಕಂಡರೆ ಕಣ್ಣು ತಾನಾಗಿಯೇ ಮುಂದಿನ ಮಾತನ್ನು ಓದಿಕೊಳ್ಳುತ್ತದೆ: ದಾಳಿ. ಶೌಚಾಲಯವನ್ನು ತೊಳೆಯುವುದಕ್ಕೆಂದು ಹೆಸರುಚೀಟಿಯೂ ಇಲ್ಲದ ಸೀಸೆಗಳಲ್ಲಿ ಬೀದಿಬೀದಿಯಲ್ಲಿ ಮಾರುತ್ತಿದ್ದ ದ್ರವ ಹೆಣ್ಣುಮಕ್ಕಳ ಮುಖಕ್ಕೆ ಎರಚುವ ಆಯುಧವಾಯಿತು. ಕರ್ನಾಟಕದಲ್ಲಿಯೂ ಇಂಥ ದಾಳಿಗಳು ನಡೆದಿವೆ. ೨೦೨೪ರ ಮಾರ್ಚ್ ತಿಂಗಳಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಡಬದಲ್ಲಿ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಮೂವರು ವಿದ್ಯಾರ್ಥಿನಿಯರು ತಮ್ಮ ಕಾಲೇಜಿನ ಆವರಣದಲ್ಲಿಯೇ ಇದಕ್ಕೆ ತುತ್ತಾದರು. ದೆಹಲಿಯಲ್ಲಿ ೨೦೦೫ರಲ್ಲಿ ಹದಿನೈದು ವರ್ಷದ ಬಾಲಕಿಯಾಗಿದ್ದಾಗ ದಾಳಿಗೆ ಗುರಿಯಾದ ಲಕ್ಷ್ಮಿ ಎಂಬವರು ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅವರ ಮೊರೆಯ ಮೇಲೆ ೨೦೧೩ರ ಜುಲೈ ೧೮ರಂದು ನ್ಯಾಯಾಲಯ ಕೊಟ್ಟ ಆದೇಶವೇ ಇಂದು ಅಂಗಡಿಯವನಿಗೂ ಹವ್ಯಾಸಿಗೂ ನಡುವೆ ನಿಂತಿರುವುದು.

ಆ ಆದೇಶದ ಸಾರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಹದಿನೆಂಟು ವರ್ಷ ತುಂಬದವರಿಗೆ ಆಮ್ಲವನ್ನು ಮಾರಕೂಡದು. ಉಳಿದವರು ಸರ್ಕಾರ ಕೊಟ್ಟ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತೋರಿಸಬೇಕು, ವಿಳಾಸವನ್ನು ಕೊಡಬೇಕು, ಏಕೆ ಬೇಕೆಂಬುದನ್ನು ತಿಳಿಸಬೇಕು. ಯಾರಿಗೆ, ಎಷ್ಟು ಮಾರಿದೆನೆಂಬುದನ್ನು ಅಂಗಡಿಯವನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ತನ್ನಲ್ಲಿರುವ ದಾಸ್ತಾನನ್ನು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಪ್ಪಿದರೆ ಐವತ್ತು ಸಾವಿರ ರೂಪಾಯಿಗಳವರೆಗೆ ದಂಡ. ೧೯೧೯ರ ವಿಷವಸ್ತುಗಳ ಕಾಯಿದೆಯ ಅಡಿಯಲ್ಲಿ ರಾಜ್ಯಗಳು ನಿಯಮಗಳನ್ನು ಮಾಡಬೇಕು. ಕಾಲೇಜುಗಳ ಪ್ರಯೋಗಶಾಲೆಗಳಿಗೂ ಇದರಲ್ಲಿ ಕಟ್ಟುಪಾಡುಗಳಿವೆ: ಬಳಕೆಯ ಲೆಕ್ಕವನ್ನಿಡಬೇಕು, ಒಬ್ಬರು ಹೊಣೆಹೊತ್ತಿರಬೇಕು, ಪ್ರಯೋಗಶಾಲೆಯಿಂದ ಹೊರಡುವವರನ್ನು ತಪಾಸಣೆ ಮಾಡಬೇಕು. ಅದೇ ವರ್ಷ ದಂಡಸಂಹಿತೆಗೆ ತಿದ್ದುಪಡಿಯಾಗಿ ಆಮ್ಲದಾಳಿ ಪ್ರತ್ಯೇಕ ಅಪರಾಧವಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೧೨೪ನೆಯ ಪ್ರಕರಣದಂತೆ ಅದಕ್ಕೆ ಕನಿಷ್ಠ ಹತ್ತು ವರ್ಷಗಳ ಸೆರೆ, ಜೀವಾವಧಿಯವರೆಗೂ ಆಗಬಹುದು. ಇಂಗ್ಲೆಂಡಿನಲ್ಲಿಯೂ ೨೦೧೮ರಿಂದ ಶೇಕಡ ೧೫ಕ್ಕಿಂತ ಹೆಚ್ಚು ಸಾಂದ್ರವಾದ ಗಂಧಕಾಮ್ಲವನ್ನು ಸಾಮಾನ್ಯ ನಾಗರಿಕರು ಪರವಾನಗಿಯಿಲ್ಲದೆ ಕೊಳ್ಳುವಂತಿಲ್ಲ. ಹಾಗಾದರೆ ಕಾಲ ಎಷ್ಟು ಬದಲಾಗಿದೆ! ಎರಡನೆಯ ಮಹಾಯುದ್ಧದ ಸುತ್ತಮುತ್ತಲಿನ ವರ್ಷಗಳಲ್ಲಿ ಲಂಡನ್ನಿನಲ್ಲಿ ಬೆಳೆದ ಆಲಿವರ್ ಸ್ಯಾಕ್ಸ್ ತಮ್ಮ ಜೇಬುಖರ್ಚಿನ ಹಣದಿಂದಲೇ ಅಂಗಡಿಯಲ್ಲಿ ರಾಸಾಯನಿಕಗಳನ್ನು ಕೊಂಡು ತಂದು ಮನೆಯಲ್ಲಿ ಪ್ರಯೋಗಶಾಲೆ ನಡೆಸುತ್ತಿದ್ದರು. ೨೦೦೧ರಲ್ಲಿ ಪ್ರಕಟವಾದ ಅವರ ಬಾಲ್ಯದ ನೆನಪುಗಳ ಪುಸ್ತಕ ಆ ಕಳೆದುಹೋದ ಲೋಕದ ಚಿತ್ರ.

ಈ ವಿಷಯವನ್ನು ಕುರಿತು ನಮ್ಮ ಕಾಲೇಜಿನ ಬಿ.ಎಸ್‌ಸಿ. ತರಗತಿಯಲ್ಲಿ ಒಮ್ಮೆ ಮಾತು ಬಂತು. ‘ಆಮ್ಲಜನಕ’ ಶಬ್ದದ ವಿಚಾರ ಹೇಳುತ್ತಿದ್ದೆ. ಒಬ್ಬ ಹುಡುಗ ಎದ್ದುನಿಂತು, “ಸಾರ್, ನಾನು ಗುರುತಿನ ಚೀಟಿ ತೊಗೊಂಡೇ ಅಂಗಡಿಗೆ ಹೋಗಿದ್ದೆ. ಪುಸ್ತಕದಲ್ಲಿ ಉದ್ದೇಶ ಅಂತ ಒಂದು ಕಾಲಮ್ ಇತ್ತು. ಕುತೂಹಲ ಅಂತ ಬರೆಯೋಕೆ ಹೋದೆ. ಅಂಗಡಿಯವರು ಪೆನ್ನು ಕಿತ್ಕೊಂಡು ಕಳಿಸಿಬಿಟ್ರು” ಎಂದನು. ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. “ಅವರು ಮಾಡಿದ್ದು ಸರಿ ಸಾರ್. ಇವನಿಗೆ ಕುತೂಹಲ, ನಮಗೆ ಭಯ. ಯಾವುದು ದೊಡ್ಡದು, ನೀವೇ ಹೇಳಿ” ಎಂದಳು. “ಭಯವೇ ದೊಡ್ಡದಮ್ಮ” ಎಂದೆ. ಹುಡುಗನ ಮುಖ ಬಾಡಿತು. ಅವನಿಗೆ ಅಂದು ಸಮಾಧಾನವಾಗುವಂತೆ ಹೇಳಲಾಗದೆ ಉಳಿದ ಮಾತುಗಳೇ ಈ ಲೇಖನದ ಉಳಿದ ಭಾಗ.

ಭಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಒಬ್ಬನ ಪ್ರಯೋಗ ಒಂದು ವಾರ ತಡವಾದರೆ ಲೋಕಕ್ಕೆ ನಷ್ಟವಿಲ್ಲ. ಒಬ್ಬಳ ಕಣ್ಣು ಹೋದರೆ ಅದನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು. ಆದುದರಿಂದ ದಾಖಲೆ ಪುಸ್ತಕವನ್ನು ಹವ್ಯಾಸಿ ತನ್ನ ಶತ್ರುವೆಂದು ಭಾವಿಸಬಾರದು. ನಿಜವಾಗಿ ನೋಡಿದರೆ ಆ ಪುಸ್ತಕದಿಂದ ಅವನಿಗೇ ಗೌರವ. ತನ್ನ ಹೆಸರನ್ನು ಬರೆದುಕೊಟ್ಟು ಕೊಂಡವನಿಗೂ ಕತ್ತಲಲ್ಲಿ ಕೊಂಡವನಿಗೂ ನಡುವಣ ವ್ಯತ್ಯಾಸವನ್ನು ಅದು ಲೋಕಕ್ಕೆ ತೋರಿಸುತ್ತದೆ. ದುಃಖದ ಸಂಗತಿಯೆಂದರೆ ಆ ಪುಸ್ತಕ ಎಲ್ಲ ಅಂಗಡಿಗಳಲ್ಲಿಯೂ ಇಲ್ಲ. ೨೦೨೨ರ ಡಿಸೆಂಬರಿನಲ್ಲಿ ದೆಹಲಿಯ ಬಾಲಕಿಯೊಬ್ಬಳ ಮೇಲೆ ನಡೆದ ದಾಳಿಯಲ್ಲಿ ಆಮ್ಲವನ್ನು ಅಂತರ್ಜಾಲದ ಅಂಗಡಿಯ ಮೂಲಕ ತರಿಸಿದ್ದರೆಂದು ಪೊಲೀಸರು ಹೇಳಿದರು. ಉದ್ದೇಶವನ್ನು ಮುಚ್ಚಿಟ್ಟವನಿಗೆ ಬಾಗಿಲು ತೆರೆದಿದ್ದು, ‘ಕುತೂಹಲ’ ಎಂದು ನಿಜವನ್ನು ಬರೆಯಹೋದವನಿಗೆ ಮುಚ್ಚಿದ್ದರೆ ಅದು ಕಾನೂನಿನ ದೋಷವಲ್ಲ, ಅದನ್ನು ನಡೆಸುವವರ ದೋಷ.

ಹವ್ಯಾಸಿಗೆ ಹೇಳಬೇಕಾದ ಎರಡನೆಯ ಮಾತು: ಅವನು ಹುಡುಕುವ ವಸ್ತುವಿನ ಬಹುಪಾಲು ಮನೆಯಲ್ಲಿಯೇ ಇದೆ. ವಿನಿಗರ್‌ನಲ್ಲಿ ನೂರಕ್ಕೆ ಸುಮಾರು ನಾಲ್ಕೈದು ಪಾಲು ಅಸಿಟಿಕ್ ಆಮ್ಲವುಂಟು. ಅದರಲ್ಲಿ ಒಂದು ಕೋಳಿಮೊಟ್ಟೆಯನ್ನು ಮುಳುಗಿಸಿಟ್ಟರೆ ಸುಣ್ಣದ ಚಿಪ್ಪು ಗುಳ್ಳೆಗುಳ್ಳೆಯಾಗಿ ಕರಗಿ, ಒಂದೆರಡು ದಿನದಲ್ಲಿ ಪೊರೆಯ ಚೀಲವೊಂದೇ ಉಳಿಯುತ್ತದೆ. ನಿಂಬೆ ಉಪ್ಪಿನ ನೀರಿಗೆ ಅಡುಗೆ ಸೋಡವನ್ನು ಹಾಕಿದರೆ ಭರ್ರೆಂದು ನೊರೆಯೇಳುತ್ತದೆ. ಲೋಟವನ್ನು ಮುಟ್ಟಿ ನೋಡಿದರೆ ತಣ್ಣಗಾಗಿರುತ್ತದೆ. ಕ್ರಿಯೆ ನಡೆದರೆ ಬಿಸಿಯಾಗಲೇಬೇಕೆಂಬ ನಮ್ಮ ಎಣಿಕೆ ಅಲ್ಲಿ ಸುಳ್ಳಾಗುತ್ತದೆ. ಆಮ್ಲ, ಕ್ಷಾರಗಳನ್ನು ಗುರುತಿಸಲು ಲಿಟ್ಮಸ್ ಕಾಗದವೇ ಬೇಕೆಂದಿಲ್ಲ. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುವುದನ್ನು ನಮ್ಮ ತಾಯಂದಿರು ಆರತಿಯ ತಟ್ಟೆಯಲ್ಲಿ ಎಷ್ಟೋ ತಲೆಮಾರುಗಳಿಂದ ತೋರಿಸುತ್ತ ಬಂದಿದ್ದಾರೆ. ಆ ಕೆಂಪು ನೀರಿಗೆ ನಿಂಬೆಯ ರಸವನ್ನು ಹಿಂಡಿದರೆ ಮತ್ತೆ ಹಳದಿ. ಆರತಿಯ ನೀರನ್ನು ಚೆಲ್ಲುವ ಮೊದಲು ಒಂದು ಲೋಟವನ್ನು ತೆಗೆದಿಟ್ಟುಕೊಂಡ ಮಗು ಆ ಹೊತ್ತಿಗೇ ರಸಾಯನ ವಿಜ್ಞಾನಿ. ಷೀಲೆ ಪ್ರಾರಂಭಿಸಿದ್ದೂ ಇಂಥ ವಸ್ತುಗಳಿಂದಲೇ ಎಂಬುದನ್ನು ಮರೆಯದಿರೋಣ.

ಮೂರನೆಯ ಮಾತು ಎಚ್ಚರದ್ದು. ಪ್ರಯೋಗಶಾಲೆಯ ಗಂಧಕಾಮ್ಲ ನೂರಕ್ಕೆ ತೊಂಬತ್ತೆಂಟು ಪಾಲು ಶುದ್ಧ. ನೀರಿಗಿಂತ ಹೆಚ್ಚುಕಡಮೆ ಎರಡರಷ್ಟು ಭಾರ. ಅದಕ್ಕೆ ನೀರಿನ ದಾಹ ಬಹಳ. ಸಕ್ಕರೆಯಿಂದಲೂ ನೀರನ್ನು ಸೆಳೆದುಕೊಂಡು ಇದ್ದಲನ್ನುಳಿಸುತ್ತದೆ. ಚರ್ಮಕ್ಕೂ ಬೇರೆ ಮರ್ಯಾದೆಯನ್ನು ತೋರಿಸುವುದಿಲ್ಲ. ಅದನ್ನು ತಿಳಿಮಾಡುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಹಾಕಬಾರದು. ಹಾಕಿದರೆ ಹಗುರವಾದ ನೀರು ಮೇಲೆಯೇ ನಿಂತು, ಹುಟ್ಟಿದ ಕಾವಿನಿಂದ ಕೊತಕೊತನೆ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಸಾಂದ್ರವಾದ ಹೈಡ್ರೋಕ್ಲೋರಿಕ್ ಆಮ್ಲ ಸೀಸೆಯ ಬಾಯಿ ತೆರೆದರೆ ಹೊಗೆಯಾಡುತ್ತದೆ. ನೈಟ್ರಿಕ್ ಆಮ್ಲ ಚರ್ಮಕ್ಕೆ ತಾಕಿದಲ್ಲಿ ಹಳದಿಯ ಕಲೆಯನ್ನುಳಿಸುತ್ತದೆ. ಮೋಟಾರು ಬ್ಯಾಟರಿಯ ಆಮ್ಲ ತಿಳಿಯಾದದ್ದೆಂದು ಹಗುರವಾಗಿ ಕಾಣಬಾರದು. ಅದರ ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಗಂಧಕಾಮ್ಲವೇ. ಯಾವ ಆಮ್ಲವೇ ಮೈಮೇಲೆ ಬಿದ್ದರೂ ಬಟ್ಟೆಯನ್ನು ತೆಗೆದು ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ತೊಳೆಯಬೇಕು, ಬಳಿಕ ವೈದ್ಯರಲ್ಲಿಗೆ ಓಡಬೇಕು. ಈ ಒಂದು ವಾಕ್ಯವನ್ನು ಹವ್ಯಾಸಿ ಮಾತ್ರವಲ್ಲ, ಬೀದಿಯಲ್ಲಿ ನಡೆಯುವ ಪ್ರತಿಯೊಬ್ಬನೂ ಬಾಯಿಪಾಠ ಮಾಡಿಕೊಳ್ಳಬೇಕಾದ ಕಾಲವಿದು.

ಕೊನೆಯ ಮಾತನ್ನು ಹೇಳಬೇಕಾದದ್ದು ಹವ್ಯಾಸಿಗಲ್ಲ, ಅಧ್ಯಾಪಕರಾದ ನಮಗೆ. ಅಂಗಡಿ ಬಾಗಿಲು ಮುಚ್ಚಿದ್ದು ನ್ಯಾಯವಾದರೆ ಕಾಲೇಜು ಬಾಗಿಲು ತೆರೆಯುವುದು ಕರ್ತವ್ಯವಾಗುತ್ತದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಆಮ್ಲವಿದೆ, ಲೆಕ್ಕದ ಪುಸ್ತಕವಿದೆ, ಹೊಣೆಹೊತ್ತ ಅಧ್ಯಾಪಕರಿದ್ದಾರೆ, ತೊಳೆಯಲು ನೀರಿದೆ. ಹುಡುಗರು ಅಲ್ಲಿಗೆ ಬರುವುದು ವೇಳಾಪಟ್ಟಿ ಹೇಳಿದ ದಿನ. ಮಾಡುವುದು ಉತ್ತರ ಗೊತ್ತಿರುವ ಪ್ರಯೋಗ. ಬರೆಯುವುದು ಹಿಂದಿನ ವರ್ಷದವರ ದಾಖಲೆಯಿಂದ. ಕುತೂಹಲವಿರುವ ಹುಡುಗ ಹೀಗಿರುವಲ್ಲಿ ಅಟ್ಟವನ್ನು ಹುಡುಕಿದರೆ ತಪ್ಪು ಯಾರದು? ವಾರದಲ್ಲಿ ಒಂದು ಮಧ್ಯಾಹ್ನ, ಶನಿವಾರವೇ ಆಗಲಿ, ಪಠ್ಯದಲ್ಲಿಲ್ಲದ ಪ್ರಯೋಗಕ್ಕೆಂದು ಪ್ರಯೋಗಶಾಲೆಯನ್ನು ತೆರೆದಿಟ್ಟರೆ ಖರ್ಚು ಹೆಚ್ಚಾಗದು. ಅಲ್ಲಿ ಹುಡುಗನ ಪಕ್ಕದಲ್ಲಿ ಹುಡುಗಿಯೂ ನಿಂತು ತನ್ನ ಕೈಯಿಂದ ಆಮ್ಲವನ್ನು ಅಳೆದು ನೀರಿಗೆ ಸುರಿಯಲಿ. ಹೆದರಿಕೆಯ ವಸ್ತುವಾಗಿ ಮಾತ್ರ ಅದನ್ನು ಬಲ್ಲವಳು ಅದರ ಗುಣವನ್ನೂ ಮಿತಿಯನ್ನೂ ಅರಿಯಲಿ. ತನಗೆ ಕುತೂಹಲವಾಗಿರುವುದು ಇನ್ನೊಬ್ಬರಿಗೆ ಏಕೆ ಭಯವಾಗಿದೆಯೆಂದು ಹುಡುಗನೂ ತಿಳಿಯಲಿ.

ಅಂಥ ಪ್ರಯೋಗಶಾಲೆಯಲ್ಲಿಯೂ ಒಂದು ದಾಖಲೆ ಪುಸ್ತಕವಿರಬೇಕು. ಯಾರು, ಎಷ್ಟು, ಯಾವಾಗ ಎಂಬುದೆಲ್ಲ ಅದರಲ್ಲಿ ಇರಬೇಕು. ಉದ್ದೇಶವೆಂಬ ಅಂಕಣವೂ ಇರಲಿ. ಅಲ್ಲಿ ‘ಕುತೂಹಲ’ ಎಂದು ಬರೆದರೆ ಅದನ್ನು ಓದಿ ಸಹಿ ಹಾಕುವ ಒಬ್ಬ ಅಧ್ಯಾಪಕರು ಇದ್ದರೆ ಸಾಕು.